ಕನ್ನಡದ ಒಂದು ‘ತುಂಬಾ’, ಅಲ್ಲಿ ನಾಲ್ಕು ಪದ

ಮಾನ್ಯ ಸಂಪಾದಕರೇ,

ಕನ್ನಡ ಮನೆಮಾತಿನವರಿಗೆ ಇಂಗ್ಲಿಷನ್ನೋ ಜಪಾನಿ ಭಾಷೆಯನ್ನೋ ಕಲಿಸುವಾಗ ‘ಎಷ್ಟು’, ‘ಎಷ್ಟರ ಮಟ್ಟಿಗೆ’ ಎಂಬ ಪಾಠ ಬಹುತೇಕ ಪದಪಟ್ಟಿಯಲ್ಲೇ ಮುಗಿದುಹೋಗುತ್ತದೆ. ವೆರಿ ಎಂದರೆ ತುಂಬಾ, ತೊತೆಮೊ ಎಂದರೂ ತುಂಬಾ. ಎ ಫ್ಯೂ ಎಂದರೆ ಕೆಲವು, ಸುಕೊಶಿ ಎಂದರೆ ಸ್ವಲ್ಪ. ಜಪಾನಿ ಪಾಠವಂತೂ ಇಂಗ್ಲಿಷ್ ಅರ್ಥವನ್ನು ಹಾದೇ ಬರುವುದರಿಂದ ಕಲಿಯುವವರು ಎರಡು ಸಲ ಅನುವಾದ ಮಾಡಿಕೊಂಡು ಎರಡು ಸಲ ಎಡವುತ್ತಾರೆ. ಈ ಪಟ್ಟಿಯನ್ನು ತಿರುಗಿಸಿ ಬರೆಯಬೇಕು ಎಂಬುದೇ ಈ ಪತ್ರದ ಕೋರಿಕೆ. ಕಲಿಯುವವರ ಬಾಯಿಗೆ ಮೊದಲು ಬರುವುದು ಕನ್ನಡದ ‘ತುಂಬಾ’, ‘ಸ್ವಲ್ಪ’, ‘ಸುಮಾರು’, ‘ಗಂಟೆ’. ಆ ಒಂದೊಂದು ಪದವೂ ಆ ಭಾಷೆಗಳಿಗೆ ಹೋದಾಗ ಎಷ್ಟು ಹೋಳಾಗುತ್ತದೆ, ಯಾವ ಹೋಳು ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲು ತೋರಿಸಬೇಕು.

‘ತುಂಬಾ’ವನ್ನೇ ನೋಡಿ. ‘ಈ ಪೆಟ್ಟಿಗೆ ತುಂಬಾ ಭಾರ’, ‘ಇದು ಅದಕ್ಕಿಂತ ತುಂಬಾ ಭಾರ’, ‘ತುಂಬಾ ಭಾರ, ಎತ್ತೋಕಾಗಲ್ಲ’, ‘ತುಂಬಾ ಪೆಟ್ಟಿಗೆ ಇವೆ’. ನಾಲ್ಕಕ್ಕೂ ನಮಗೆ ಒಂದೇ ಪದ ಸಾಕು. ಇಂಗ್ಲಿಷಿಗೆ ನಾಲ್ಕು ಬೇಕು: ವೆರಿ ಹೆವಿ, ಮಚ್ ಹೆವಿಯರ್, ಟೂ ಹೆವಿ, ಮೆನಿ ಬಾಕ್ಸಸ್. ಜಪಾನಿಗೂ ನಾಲ್ಕು: ತೊತೆಮೊ ಒಮೊಯಿ, ಝುತ್ತೊ ಒಮೊಯಿ, ಒಮೊಸುಗಿರು, ಹಕೊ ಗ ತಕುಸನ್ ಅರು. ಒಡೆಯುವ ಗೆರೆ ಎರಡೂ ಭಾಷೆಗಳಲ್ಲಿ ಒಂದೇ ಕಡೆ ಇದೆ. ಆದ್ದರಿಂದಲೇ ತಪ್ಪೂ ಒಂದೇ ಬಗೆಯದು. ‘ವೆರಿ ಹೆವಿಯರ್’ ಎಂದು ಬರೆಯುವವರೇ ಜಪಾನಿಯಲ್ಲಿ ಹೋಲಿಸುವಾಗಲೂ ತೊತೆಮೊ ಹಾಕುತ್ತಾರೆ. ‘ಕಿಂತ’ ಎಂಬರ್ಥದ ಯೊರಿ ಬಂದ ವಾಕ್ಯಕ್ಕೆ ತೊತೆಮೊ ಹೊಂದುವುದಿಲ್ಲ, ಝುತ್ತೊ ಬೇಕು. ಇಂಗ್ಲಿಷಿನಲ್ಲಿ ದ್ಯಾನ್ ಕಂಡ ಕೂಡಲೇ ವೆರಿ ಬಿಟ್ಟು ಮಚ್ ಅಥವಾ ಫಾರ್ ಹಿಡಿಯಬೇಕಾದಂತೆಯೇ ಇದು. ಒಂದು ಸಲ ಕಲಿಸಿದರೆ ಎರಡು ಭಾಷೆಗೂ ಆಗುವ ಪಾಠವನ್ನು ಎರಡು ಪುಸ್ತಕಗಳಲ್ಲಿ, ಎರಡು ಕಡೆಯೂ ಅರೆಬರೆಯಾಗಿ ಕಲಿಸಲಾಗುತ್ತಿದೆ.

ಮೂರನೆಯ ‘ತುಂಬಾ’ಕ್ಕೆ ಕನ್ನಡದಲ್ಲಿ ಒಳ್ಳೆಯ ಊರುಗೋಲು ಇದೆ. ಅಳತೆ ಮೀರಿದಾಗ ನಾವು ‘ದೊಡ್ಡದು’ ಎನ್ನುವ ಬದಲು ‘ದೊಡ್ಡದಾಯಿತು’ ಎನ್ನುತ್ತೇವೆ: ‘ಈ ಅಂಗಿ ನನಗೆ ದೊಡ್ಡದಾಯಿತು’. ‘ಆಯಿತು’ ಹಾಕಿ ಹೇಳಬಹುದಾದರೆ ಇಂಗ್ಲಿಷಿನಲ್ಲಿ ಟೂ, ಜಪಾನಿಯಲ್ಲಿ ಸುಗಿರು. ‘ಐ ಆ್ಯಮ್ ಟೂ ಹ್ಯಾಪಿ’ ಎಂದು ಬರೆಯುವ ಮುನ್ನ ಈ ಪರೀಕ್ಷೆ ಮಾಡಿದರೆ, ಸಂತೋಷ ‘ಜಾಸ್ತಿಯಾಯಿತು’ ಎಂದು ದೂರುವುದು ತಮ್ಮ ಉದ್ದೇಶವಲ್ಲ ಎಂದು ತಾನಾಗಿ ಗೊತ್ತಾಗುತ್ತದೆ. ಸುಗಿರು ಅಂಟುವ ಬಗೆಯೂ ಕಷ್ಟದ್ದಲ್ಲ. ‘ಇ’ಯಿಂದ ಮುಗಿಯುವ ಗುಣವಾಚಕದಲ್ಲಿ ಕೊನೆಯ ‘ಇ’ ಬೀಳುತ್ತದೆ: ಒಮೊಯಿ, ಒಮೊಸುಗಿರು. ನಾಮಪದದ ಮುಂದೆ ‘ನ’ ಹಚ್ಚಿಕೊಳ್ಳುವ ಗುಂಪಿನ ಗುಣವಾಚಕಕ್ಕೆ ನೇರವಾಗಿ ಸೇರುತ್ತದೆ: ಶಿಝುಕ (ಶಾಂತ), ಶಿಝುಕಸುಗಿರು. ಕ್ರಿಯಾಪದದಲ್ಲಿ ‘ಮಸು’ ತೆಗೆದ ಜಾಗಕ್ಕೆ ಬರುತ್ತದೆ: ಹತರಕಿಮಸು (ದುಡಿಯುತ್ತೇನೆ), ಹತರಕಿಸುಗಿರು. ಬಾಯಿಪಾಠ ಮಾಡಬೇಕಾದವು ಎರಡು: ‘ಒಳ್ಳೆಯದು’ ಎಂಬರ್ಥದ ‘ಈ’ ಎಂಬ ಪದ ಯೊಸುಗಿರು ಆಗುತ್ತದೆ, ‘ಇಲ್ಲ’ ಎಂಬರ್ಥದ ನಯ್ ನಸಸುಗಿರು ಆಗುತ್ತದೆ, ನಡುವಿನ ‘ಸ’ವನ್ನು ಬಿಟ್ಟುಬಿಡುವುದೇ ಅಲ್ಲಿನ ಮಾಮೂಲಿ ತಪ್ಪು. ಹೀಗೆ ಹುಟ್ಟಿದ ಪದ ಅಲ್ಲಿಂದ ಮುಂದೆ ಕ್ರಿಯಾಪದದಂತೆ ನಡೆಯುತ್ತದೆ: ಸುಗಿಮಸು, ಸುಗಿತ.

ನಾಲ್ಕನೆಯದರಲ್ಲಿ ಇನ್ನೊಂದು ಗುಂಡಿ ಇದೆ. ‘ಹೆಚ್ಚು’ ಎಂಬರ್ಥದ ಓಯಿ ಗುಣವಾಚಕವೇ ಆದರೂ ಅದನ್ನು ಬೇರೆ ಗುಣವಾಚಕಗಳಂತೆ ನಾಮಪದದ ಮುಂದೆ ಹಾಗೇ ಇಡುವಂತಿಲ್ಲ. ‘ತುಂಬಾ ಜನ’ ಎನ್ನಲು ಓಯಿ ಹಿತೊ ಎಂದರೆ ತಪ್ಪು. ಓಕು ನೊ ಹಿತೊ ಅಥವಾ ತಕುಸನ್ ನೊ ಹಿತೊ ಎನ್ನಬೇಕು. ಕಡಿಮೆ ಎಂಬರ್ಥದ ಸುಕುನಯ್ ಪದಕ್ಕೂ ಇದೇ ಕಟ್ಟುಪಾಡು. ಜಪಾನಿಯವರಿಗೆ ಸಹಜವಾದದ್ದು ಹಿತೊ ಗ ಓಯಿ. ಅದು ಹೆಚ್ಚುಕಡಿಮೆ ನಮ್ಮ ‘ಜನ ಜಾಸ್ತಿ’. ಇಂಗ್ಲಿಷ್ ದಾರಿಯಲ್ಲಿ ಹೋದವರು ಮೆನಿ ಪೀಪಲ್ ಎಂಬುದನ್ನು ಮಕ್ಕಿಕಾಮಕ್ಕಿ ಇಳಿಸಲು ಹೋಗಿ ಓಯಿ ಹಿತೊ ಎಂದು ಬರೆಯುತ್ತಾರೆ. ಕನ್ನಡದಲ್ಲಿ ಯೋಚಿಸಿದ್ದರೆ ನೇರವಾಗಿ ಸರಿಯಾದ ವಾಕ್ಯಕ್ಕೇ ತಲುಪುತ್ತಿದ್ದರು.

ಹೋಲಿಕೆಯ ಪಾಠದಲ್ಲಿ ಇದು ಇನ್ನೂ ಸ್ಪಷ್ಟ. ‘ಇದು ಅದಕ್ಕಿಂತ ದೊಡ್ಡದು’ ಎಂಬುದು ಜಪಾನಿಯಲ್ಲಿ ಕೊರೆ ವ ಅರೆ ಯೊರಿ ಓಕೀ. ಪದಕ್ಕೆ ಪದ, ಸ್ಥಾನಕ್ಕೆ ಸ್ಥಾನ. ‘ಕಿಂತ’ ಇದ್ದಲ್ಲಿ ಯೊರಿ. ‘ದೊಡ್ಡದು’ ನಮ್ಮಲ್ಲೂ ಬದಲಾಗುವುದಿಲ್ಲ, ಓಕೀ ಅವರಲ್ಲೂ ಬದಲಾಗುವುದಿಲ್ಲ. ಗುಣವಾಚಕದ ರೂಪವನ್ನೇ ಬದಲಿಸುವುದು ಇಂಗ್ಲಿಷ್ ಒಂದೇ. ‘ಮೋರ್ ಬೆಟರ್’ ಹುಟ್ಟುವುದೂ ಅದರಿಂದಲೇ, ಏಕೆಂದರೆ ಹೋಲಿಕೆ ಪದದೊಳಗೇ ಸೇರಿಹೋಗಿರುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ‘ಇದು ಅದರಷ್ಟು ದೊಡ್ಡದಲ್ಲ’ ಎಂದರೆ ಕೊರೆ ವ ಅರೆ ಹೊದೊ ಓಕಿಕುನಯ್. ‘ಅಷ್ಟು’ ಇದ್ದಲ್ಲಿ ಹೊದೊ. ಆದರೆ ಈ ಜೋಡಿ ಇಲ್ಲಗಳೆಯುವ ವಾಕ್ಯದಲ್ಲಿ ಮಾತ್ರ ನಿಲ್ಲುತ್ತದೆ. ‘ಅದರಷ್ಟೇ ದೊಡ್ಡದು’ ಎನ್ನಲು ಹೊದೊ ಬಾರದು, ಅರೆ ತೊ ಒನಜಿ ಗುರಯ್ ಓಕೀ ಎನ್ನಬೇಕು. ‘ಅಷ್ಟೇನೂ ದೊಡ್ಡದಲ್ಲ’ ಎಂದರೆ ಅಮರಿ ಓಕಿಕುನಯ್. ‘ಸ್ವಲ್ಪವೂ ಇಲ್ಲ’ ಎಂದರೆ ಸುಕೊಶಿ ಮೊ ನಯ್. ನಮ್ಮ ‘ಊ’ ಪ್ರತ್ಯಯವೇ ಅವರ ಮೊ ಎಂಬಂತಿದೆ. ಯಾರೂ ಇಲ್ಲ, ದರೆ ಮೊ ಇನಯ್. ಒಬ್ಬರೂ ಬರಲಿಲ್ಲ, ಹಿತೊರಿ ಮೊ ಕೊನಕತ್ತ.

ಇಷ್ಟು ಹತ್ತಿರ ಬಂದ ಮೇಲೆ ಅಂತರ ಎಲ್ಲಿದೆ ಎಂದು ಹೇಳದೆ ಬಿಟ್ಟರೆ ಅನ್ಯಾಯವಾದೀತು. ‘ಮೂವರೂ ಬಂದರು’ ಎಂದರೆ ನಮಗೆ ಇದ್ದ ಮೂವರಲ್ಲಿ ಎಲ್ಲರೂ ಬಂದರು. ಸನ್ನಿನ್ ಮೊ ಕಿತ ಎಂದರೆ ಅದಲ್ಲ. ‘ಮೂರು ಜನ ಬಂದುಬಿಟ್ಟರು, ಅಷ್ಟೊಂದು ಜನ’ ಎಂಬ ಅಚ್ಚರಿ ಅದರಲ್ಲಿದೆ. ನಮ್ಮ ‘ಮೂವರೂ’ ಎಂಬುದಕ್ಕೆ ಸನ್ನಿನ್ ತೊಮೊ ಎನ್ನಬೇಕು. ಸಂಖ್ಯೆಯ ಹಿಂದೆ ‘ಊ’ ಬಂದು ವಾಕ್ಯ ಹೌದೆನ್ನುವಂತಿದ್ದರೆ ತೊಮೊ, ಇಲ್ಲವೆನ್ನುವಂತಿದ್ದು ‘ಒಬ್ಬ’, ‘ಒಂದು’ ಎಂಬಂಥ ಪದವಿದ್ದರೆ ಮೊ. ಕನ್ನಡದವರಿಗಾಗಿ ಬರೆದ ಪಾಠದಲ್ಲಿ ಮಾತ್ರ ಬರಬಹುದಾದ ಸೂತ್ರ ಇದು. ಇಂಗ್ಲಿಷ್ ಮೂಲಕ ಕಲಿತವರಿಗೆ ಈ ಗೊಂದಲ ಹುಟ್ಟುವುದೇ ಇಲ್ಲವಾದ್ದರಿಂದ ಆ ಪುಸ್ತಕಗಳು ಇದರ ಬಗ್ಗೆ ಎಚ್ಚರಿಸುವುದೂ ಇಲ್ಲ.

‘ಸ್ವಲ್ಪ’ದ ವಿಷಯಕ್ಕೆ ಬಂದರೆ ಫ್ಯೂ ಮತ್ತು ಎ ಫ್ಯೂ, ಲಿಟಲ್ ಮತ್ತು ಎ ಲಿಟಲ್ ಎಂಬ ಜೋಡಿಗಳು ಶಾಲೆಯಿಂದಲೂ ಕಾಡುವಂಥವು. ಮೊದಲು ಎಣಿಸುವಂಥದ್ದೋ ಅಳೆಯುವಂಥದ್ದೋ ಎಂದು ನೋಡಿ ಫ್ಯೂ ಅಥವಾ ಲಿಟಲ್ ಆರಿಸಬೇಕು. ಇನ್‌ಫರ್ಮೇಶನ್, ಅಡ್ವೈಸ್, ಫರ್ನಿಚರ್, ಇಕ್ವಿಪ್‌ಮೆಂಟ್, ಲಗೇಜ್ ಇವು ಇಂಗ್ಲಿಷಿನ ಲೆಕ್ಕದಲ್ಲಿ ಅಳೆಯುವಂಥವು; ಕೊನೆಗೆ ‘ಸ್’ ಹತ್ತುವುದಿಲ್ಲ, ಬಿಡಿಯಾಗಿ ಹೇಳಬೇಕಾದರೆ ಎ ಪೀಸ್ ಆಫ್ ಬೇಕು. ಆಮೇಲೆ ಆ ‘ಎ’ ಪ್ರಶ್ನೆ. ‘ಸ್ವಲ್ಪ ಜನ ಬಂದರು’ ಎಂದರೆ ಎ ಫ್ಯೂ, ‘ಸ್ವಲ್ಪವೇ ಜನ ಬಂದರು’ ಎಂದರೆ ಬರೀ ಫ್ಯೂ. ಅಲ್ಲಿ ‘ಎ’ ತೆಗೆಯುವುದೂ ಇಲ್ಲಿ ‘ಏ’ ಸೇರಿಸುವುದೂ ಒಂದೇ ಕೆಲಸ. ‘ಕ್ವೈಟ್ ಎ ಫ್ಯೂ’ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಅದರ ಅರ್ಥ ‘ಸಾಕಷ್ಟು’.

ಜಪಾನಿಯಲ್ಲಿ ಈ ‘ಏ’ ಕೆಲಸವನ್ನು ಶಿಕ ಮಾಡುತ್ತದೆ. ಅದು ಬಂದರೆ ಕ್ರಿಯಾಪದ ಇಲ್ಲವೆನ್ನುವ ರೂಪದಲ್ಲೇ ಇರಬೇಕು. ಸನ್ನಿನ್ ಶಿಕ ಕೊನಕತ್ತ. ಇದನ್ನು ‘ಮೂವರು ಬರಲಿಲ್ಲ’ ಎಂದು ಓದಿದರೆ ಲೆಕ್ಕ ಪೂರಾ ತಲೆಕೆಳಗು, ಬಂದವರೇ ಮೂವರು. ‘ಮೂವರನ್ನು ಬಿಟ್ಟರೆ ಯಾರೂ ಬರಲಿಲ್ಲ’ ಎಂಬ ನಮ್ಮ ವಾಕ್ಯವನ್ನು ನೆನೆದರೆ ಆ ‘ಇಲ್ಲ’ ಎಲ್ಲಿಂದ ಬಂತು ಎಂದು ಅರ್ಥವಾಗುತ್ತದೆ. ಕಡಿಮೆಯಾಯಿತೆಂಬ ಕೊರಗಿಲ್ಲದೆ ‘ಮೂವರು ಮಾತ್ರ’ ಎಂದಷ್ಟೇ ಹೇಳಲು ದಕೆ ಇದೆ, ಅದಕ್ಕೆ ಹೌದೆನ್ನುವ ಕ್ರಿಯಾಪದ: ಸನ್ನಿನ್ ದಕೆ ಕಿತ. ಶಿಕ ಬಂದಾಗ ಕರ್ತೃವಿಗೆ ಹತ್ತುವ ಗ, ಕರ್ಮಕ್ಕೆ ಹತ್ತುವ ಒ ಎಂಬ ವಿಭಕ್ತಿಗಳು ಬಿದ್ದುಹೋಗುತ್ತವೆ. ನಿ, ದೆ, ಕರ ಉಳಿದುಕೊಂಡು ಅವುಗಳ ಹಿಂದೆ ಶಿಕ ಸೇರುತ್ತದೆ.

ತಪ್ಪಿದರೆ ನಷ್ಟ ತರುವಂಥವು ಗಡಿ ಹೇಳುವ ಪದಗಳು. ಕರಾರು, ಅರ್ಜಿ, ಔಷಧಿಯ ಚೀಟಿ, ಯಂತ್ರದ ಕೈಪಿಡಿ ಎಲ್ಲದರಲ್ಲೂ ಇವು ಬರುತ್ತವೆ, ಅನುವಾದಕರು ಜಾರುವುದೂ ಇಲ್ಲೇ. ಜಪಾನಿಯ ಇಜೋ ಎಂಬುದನ್ನು ‘ಗಿಂತ ಹೆಚ್ಚು’ ಎಂದು ಬರೆಯುವುದು ಸಾಮಾನ್ಯ ತಪ್ಪು. 18 ಸಯ್ ಇಜೋ ಎಂದರೆ 18 ತುಂಬಿದವರೂ ಸೇರಿದರು. ‘18ಕ್ಕಿಂತ ಹೆಚ್ಚು’ ಎಂದರೆ ಅವರು ಹೊರಗುಳಿದರು. ಇಕ ಎಂಬುದೂ ಹಾಗೆಯೇ, ಹೇಳಿದ ಸಂಖ್ಯೆಯನ್ನು ಒಳಗಿಟ್ಟುಕೊಂಡು ಕೆಳಗಿಳಿಯುತ್ತದೆ: 10 ಕಿಲೊ ಇಕ ಎಂದರೆ ಸರಿಯಾಗಿ 10 ಕಿಲೊ ಇದ್ದರೂ ನಡೆಯುತ್ತದೆ. ಎರಡು ಪದಗಳ ಮೊದಲ ಅಕ್ಷರ ‘ಇ’ಗೆ ‘ಅದರಿಂದ ಮೊದಲ್ಗೊಂಡು’ ಎಂಬ ಅರ್ಥವಿರುವುದೇ ಕಾರಣ. ಸಂಖ್ಯೆಯನ್ನು ಹೊರಗಿಡುವ ಪದ ಮಿಮನ್. ಮಿ ಎಂದರೆ ‘ಇನ್ನೂ ಇಲ್ಲ’, ಮನ್ ಎಂದರೆ ‘ತುಂಬು’. ಅಂದರೆ ಅಕ್ಷರಶಃ ನಮ್ಮ ‘ತುಂಬದ’. 20 ಸಯ್ ಮಿಮನ್ ಎಂದರೆ 20 ತುಂಬದವರು, ಇದಕ್ಕಿಂತ ಒಳ್ಳೆಯ ಅನುವಾದ ಬೇಕಿಲ್ಲ. ಜಪಾನಿನಲ್ಲಿ 2022ರ ಏಪ್ರಿಲ್ 1ರಿಂದ ವಯಸ್ಕರೆನಿಸುವ ವಯಸ್ಸು 20ರಿಂದ 18ಕ್ಕೆ ಇಳಿಯಿತು. ಮದ್ಯ ಮತ್ತು ತಂಬಾಕಿನ ಗಡಿ 20ರಲ್ಲೇ ಉಳಿಯಿತು. ಹಾಗಾಗಿ 18 ಇಜೋ ಮತ್ತು 20 ಮಿಮನ್ ಎರಡನ್ನೂ ಅಲ್ಲಿ ಓದಬೇಕಾಗುತ್ತದೆ, ಎರಡಕ್ಕೂ ಗಡಿಯ ಮೇಲೆ ನಿಂತವರ ಗತಿ ಬೇರೆ ಬೇರೆ.

ಇಂಗ್ಲಿಷಿನಲ್ಲಿ ಅಟ್ ಲೀಸ್ಟ್, ಅಪ್ ಟು, ನೋ ಮೋರ್ ದ್ಯಾನ್ ಸಂಖ್ಯೆಯನ್ನು ಒಳಗೊಳ್ಳುತ್ತವೆ. ಮೋರ್ ದ್ಯಾನ್, ಲೆಸ್ ದ್ಯಾನ್, ಅಂಡರ್ ಹೊರಗಿಡುತ್ತವೆ. ಓವರ್ ಎಂಬುದು ಆಡುಮಾತಿನಲ್ಲಿ ಸಡಿಲ. ಕನ್ನಡದ ‘ಮೇಲ್ಪಟ್ಟ’ ಕೂಡ ಅಷ್ಟೇ ಸಡಿಲ, ಒಬ್ಬರು ಒಂದು ಬಗೆಯಲ್ಲಿ ಓದುತ್ತಾರೆ, ಇನ್ನೊಬ್ಬರು ಇನ್ನೊಂದು ಬಗೆಯಲ್ಲಿ. ನಿಯಮ ಬರೆಯುವವರು ‘ಮೇಲ್ಪಟ್ಟ’ ಬಿಟ್ಟು ‘18 ತುಂಬಿದ’, ‘18 ಮತ್ತು ಅದಕ್ಕೂ ಮೇಲಿನ’ ಎಂದು ಬರೆಯುವುದು ಕ್ಷೇಮ.

ಔಷಧಿಯ ಚೀಟಿಯಲ್ಲಿ ಬರುವ ಇನ್ನೊಂದು ಜೋಡಿ ಒಕಿ ಮತ್ತು ಗೊತೊ. ಗೊತೊ ಎಂದರೆ ‘ಪ್ರತಿ’. ಒಕಿ ಎಂದರೆ ‘ಬಿಟ್ಟು’. ಇಚಿನಿಚಿ ಒಕಿ ಎಂದರೆ ನಮ್ಮ ‘ದಿನ ಬಿಟ್ಟು ದಿನ’. ಫುತ್ಸುಕ ಒಕಿ ಎಂದರೆ ನಡುವೆ ಎರಡು ದಿನ ಖಾಲಿ, ಸೋಮವಾರ ತೆಗೆದುಕೊಂಡರೆ ಮುಂದಿನದು ಗುರುವಾರ. ಫುತ್ಸುಕ ಗೊತೊ ಆದರೆ ಸೋಮವಾರದ ಮುಂದಿನದು ಬುಧವಾರ. ಗಂಟೆಗಳ ಲೆಕ್ಕ ಬಂದಾಗ ಈ ಅಂತರ ಮಾಯವಾಗುತ್ತದೆ. 6 ಜಿಕನ್ ಒಕಿ, 6 ಜಿಕನ್ ಗೊತೊ ಎರಡೂ ಆರು ಗಂಟೆಗೊಮ್ಮೆಯೇ. ದಿನವನ್ನು ಒಂದೊಂದು ಬಿಡಿ ವಸ್ತುವಿನಂತೆ ಎಣಿಸುತ್ತೇವೆ, ಗಂಟೆಯನ್ನು ಉದ್ದದಂತೆ ಅಳೆಯುತ್ತೇವೆ, ಅದಕ್ಕೇ ಹೀಗೆ. ಇಂಗ್ಲಿಷಿನಲ್ಲಿ ಎವ್ರಿ ಅದರ್ ಡೇ, ಎವ್ರಿ ಥರ್ಡ್ ಡೇ ಸ್ಪಷ್ಟ. ಬೈವೀಕ್ಲಿ ಎಂಬುದು ವಾರಕ್ಕೆರಡು ಸಲವೂ ಆಗುತ್ತದೆ, ಎರಡು ವಾರಕ್ಕೊಮ್ಮೆಯೂ ಆಗುತ್ತದೆ. ಅದನ್ನು ಬಳಸದಿರುವುದೇ ಲೇಸು.

‘ಗಂಟೆ’ ಎಂಬ ಪದವೂ ಒಡೆಯುತ್ತದೆ. ‘ಮೂರು ಗಂಟೆ’ ನಮಗೆ ಹೊತ್ತೂ ಹೌದು, ಅವಧಿಯೂ ಹೌದು. ಜಪಾನಿಯಲ್ಲಿ ಸನ್‌ಜಿ ಹೊತ್ತು, ಸನ್‌ಜಿಕನ್ ಅವಧಿ. ‘ಸುಮಾರು’ ಕೂಡ ಅದರ ಜೊತೆಗೇ ಒಡೆಯುತ್ತದೆ: ಹೊತ್ತಿಗೆ ಗೊರೊ, ಅವಧಿಗೆ ಗುರಯ್. ಅವಧಿಗೆ ಗೊರೊ ಹಾಕಿದರೆ ಖಂಡಿತ ತಪ್ಪು. ಹೊತ್ತಿಗೆ ಗುರಯ್ ಹಾಕುವುದು ಆಡುಮಾತಿನಲ್ಲಿ ಕೇಳಿಬರುತ್ತದೆ. ತಿಂಗಳಿನಲ್ಲೂ ಹೀಗೆಯೇ, ಸನ್‌ಗತ್ಸು ಎಂದರೆ ಮಾರ್ಚ್, ಸಂಕಗೆತ್ಸು ಎಂದರೆ ಮೂರು ತಿಂಗಳು. ಅರ್ಧ ಎಂಬ ಹನ್ ಅಳತೆಯ ಪದದ ಹಿಂದೆ ಬರುತ್ತದೆ, ನಮ್ಮ ‘ಮೂರೂವರೆ ಗಂಟೆ’ ಅಲ್ಲಿ ‘ಮೂರು ಗಂಟೆ ಅರ್ಧ’: ಸನ್‌ಜಿಕನ್ ಹನ್.

ದೊಡ್ಡ ಸಂಖ್ಯೆಯಲ್ಲಿ ಮೂರು ಭಾಷೆಗಳೂ ಮೂರು ದಾರಿ. ಇಂಗ್ಲಿಷ್ ಮೂರು ಮೂರು ಅಂಕಿಗೆ ಹೆಸರು ಬದಲಿಸುತ್ತದೆ, ಜಪಾನಿ ನಾಲ್ಕು ನಾಲ್ಕಕ್ಕೆ, ನಾವು ಸಾವಿರದ ಆಚೆ ಎರಡೆರಡಕ್ಕೆ. ಮನ್ 10,000, ಒಕು 10 ಕೋಟಿ, ಚೋ ಸರಿಯಾಗಿ ಒಂದು ಲಕ್ಷ ಕೋಟಿ. ಲಕ್ಷ ಎಂದರೆ ಜೂಮನ್, ಹತ್ತು ಲಕ್ಷ ಎಂದರೆ ಹ್ಯಾಕುಮನ್, ಕೋಟಿ ಎಂದರೆ ಇಸ್ಸೆನ್‌ಮನ್. ಇಂಗ್ಲಿಷಿನ ಬಿಲಿಯನ್ 100 ಕೋಟಿ, ಅಂದರೆ ಜೂಒಕು. ಹಳೆಯ ಬ್ರಿಟಿಷ್ ಬರಹಗಳಲ್ಲಿ ಬಿಲಿಯನ್ ಎಂದರೆ ಲಕ್ಷ ಕೋಟಿ ಇರಬಹುದು. ಬ್ರಿಟಿಷ್ ಸರ್ಕಾರ 100 ಕೋಟಿಯ ಅರ್ಥಕ್ಕೆ ಬಂದದ್ದು 1974ರಲ್ಲಿ. ಜಪಾನಿಯಲ್ಲಿ ಹೆಸರು ನಾಲ್ಕಕ್ಕೆ ಬದಲಾದರೂ ಅಚ್ಚಿನಲ್ಲಿ ಅಲ್ಪವಿರಾಮ ಬೀಳುವುದು ಮೂರಕ್ಕೆ. ಅದನ್ನು ನಂಬಿ ಓದಿದರೆ ಹತ್ತು ಪಟ್ಟು ಅತ್ತಿತ್ತ ಆಗುತ್ತದೆ. ಎಲ್ಲ ಅಲ್ಪವಿರಾಮಗಳನ್ನು ಒರೆಸಿ, ಬಲದಿಂದ ನಾಲ್ಕು ನಾಲ್ಕಾಗಿ ಗೆರೆ ಎಳೆದು ಓದುವುದೇ ಸರಿ. 12,50,00,000 ಹೀಗೆ 1|2500|0000 ಆಗುತ್ತದೆ: ಇಚಿಒಕು ನಿಸೆನ್ ಗೊಹ್ಯಾಕು ಮನ್. ನೂರು, ಸಾವಿರಕ್ಕೆ ಮುಂದೆ ‘ಒಂದು’ ಬೇಕಿಲ್ಲ, ಬರೀ ಹ್ಯಾಕು, ಸೆನ್ (ಮನ್ ಜೊತೆ ಸೇರಿದಾಗ ಮಾತ್ರ ಇಸ್ಸೆನ್). ಮನ್‌ನಿಂದ ಮೇಲಕ್ಕೆ ಇಚಿ ಕಡ್ಡಾಯ.

ಭಿನ್ನರಾಶಿಯಲ್ಲಿ ಮತ್ತೆ ಕನ್ನಡ ಮತ್ತು ಜಪಾನಿ ಒಂದೇ ಕಡೆ. ‘ಮೂರರಲ್ಲಿ ಎರಡು’, ಸನ್‌ಬುನ್ ನೊ ನಿ. ಕೆಳಗಿನ ಅಂಕಿ ಮೊದಲು. ಟೂ ಥರ್ಡ್ಸ್ ತಿರುಗುಮುರುಗು. ಪಟ್ಟಿನ ಲೆಕ್ಕದಲ್ಲಿ ‘ಎರಡು ಪಟ್ಟು ಹೆಚ್ಚಾಯಿತು’, ‘ಟೂ ಟೈಮ್ಸ್ ಮೋರ್’ ಎಂಬಂಥವು 100ನ್ನು 200 ಮಾಡುತ್ತವೋ 300 ಮಾಡುತ್ತವೋ ಎಂಬ ಅನುಮಾನ ಉಳಿಸುತ್ತವೆ. ನಿಬಯ್ ನಿ ನತ್ತ, ಟ್ವೈಸ್ ಆ್ಯಸ್ ಮಚ್, ‘ಎರಡರಷ್ಟಾಯಿತು’ ಎಂದರೆ ಅನುಮಾನಕ್ಕೆ ಜಾಗವಿಲ್ಲ.

ಇನ್ನು ಎಣಿಕೆಯ ಪ್ರತ್ಯಯಗಳು, ಜಪಾನಿ ಕಲಿಯುವವರು ಮೊದಲ ತಿಂಗಳಲ್ಲೇ ಹೆದರುವ ವಿಷಯ. ಉದ್ದನೆಯದಕ್ಕೆ ಹೊನ್, ಚಪ್ಪಟೆಯದಕ್ಕೆ ಮಯ್, ಪುಸ್ತಕಕ್ಕೆ ಸತ್ಸು, ಯಂತ್ರಕ್ಕೆ ದಯ್, ಚಿಕ್ಕ ಪ್ರಾಣಿಗೆ ಹಿಕಿ, ದೊಡ್ಡ ಪ್ರಾಣಿಗೆ ತೋ, ಹಕ್ಕಿಗೆ ವ. ಈ ಕಲ್ಪನೆ ನಮಗೆ ಹೊಸದಲ್ಲ. ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು ಎಂದು ಮನುಷ್ಯರಿಗೇ ಬೇರೆ ಎಣಿಕೆ ಇಟ್ಟುಕೊಂಡು, ಆಮೇಲೆ ‘ಆರು ಜನ’ ಎಂದು ಸುಲಭಕ್ಕಿಳಿಯುವ ಭಾಷೆ ನಮ್ಮದು. ಜಪಾನಿ ಹಿತೊರಿ, ಫುತರಿ ಆದ ಮೇಲೆ ಸನ್ನಿನ್ ಎಂದು ಸುಲಭಕ್ಕಿಳಿಯುತ್ತದೆ. ನಾಲ್ವರು ಮಾತ್ರ ಯೊನಿನ್, ಯೊನ್ನಿನ್ ಅಲ್ಲ. ಉಚ್ಚಾರ ಬದಲಾಗುವುದಕ್ಕೆ ಕ್ರಮವಿದೆ. ‘ಹ’ಕಾರದಿಂದ ಶುರುವಾಗುವ ಪ್ರತ್ಯಯ 1, 6, 8, 10ರ ಜೊತೆ ಸೇರಿದಾಗ ಇಮ್ಮಡಿ ‘ಪ್ಪ’ ಆಗುತ್ತದೆ, 3ರ ಜೊತೆ ‘ಬ’: ಇಪ್ಪೊನ್, ನಿಹೊನ್, ಸಂಬೊನ್, ಯೊನ್‌ಹೊನ್, ಗೊಹೊನ್, ರೊಪ್ಪೊನ್, ನನಹೊನ್, ಹಪ್ಪೊನ್, ಕ್ಯೂಹೊನ್, ಜುಪ್ಪೊನ್. ‘ಕ’ಕಾರಕ್ಕೆ ಅದೇ ನಾಲ್ಕು ಜಾಗದಲ್ಲಿ ‘ಕ್ಕ’. ‘ಸ’ಕಾರಕ್ಕೆ 1, 8, 10ರಲ್ಲಿ ‘ಸ್ಸ’. ಮಯ್, ದಯ್ ಬದಲಾಗುವುದೇ ಇಲ್ಲ. ಎಲ್ಲವನ್ನೂ ಒಟ್ಟಿಗೆ ಉರುಹೊಡೆಸುವುದು ದಂಡ. ‘ಒಂದು’ ಎಂಬ ಹಿತೊತ್ಸುವಿನಿಂದ ‘ಹತ್ತು’ ಎಂಬ ತೋ ತನಕ 10 ಸಾಮಾನ್ಯ ಎಣಿಕೆ, ನಿನ್, ಮಯ್, ಹೊನ್, ಸಲ ಎಂಬರ್ಥದ ಕಯ್, ಹೊತ್ತಿನ ಪದಗಳು ಇಷ್ಟಿದ್ದರೆ ಆರಂಭದ ವ್ಯವಹಾರ ನಡೆಯುತ್ತದೆ.

ಸಂಖ್ಯೆ ಎಲ್ಲಿ ಕೂರಬೇಕು ಎಂಬುದು ಉರುಹೊಡೆಯುವುದಕ್ಕಿಂತ ಮುಖ್ಯ. ‘ಪೆನ್ನು ಮೂರು ಕೊಡಿ’ ಎನ್ನುವುದು ನಮಗೆ ಸಹಜ, ಪೆನ್ ಒ ಸಂಬೊನ್ ಕುದಸಯ್ ಅವರಿಗೆ ಸಹಜ. ವಿಭಕ್ತಿ ಪೆನ್ನಿಗೆ ಹತ್ತುತ್ತದೆ, ಸಂಖ್ಯೆ ಬರಿಗೈಯಲ್ಲಿ ಕ್ರಿಯಾಪದದ ಪಕ್ಕ ನಿಲ್ಲುತ್ತದೆ. ಇಂಗ್ಲಿಷ್ ಕ್ರಮ ಹಿಡಿದು ಸಂಬೊನ್ ಪೆನ್ ಎಂದರೆ ನಡುವಿನ ನೊ ಬಿಟ್ಟುಹೋಗುತ್ತದೆ. ಸಂಬೊನ್ ನೊ ಪೆನ್ ಆಗಬೇಕಿತ್ತು. ಹೀಗೆ ಸಂಖ್ಯೆಯನ್ನು ಬಿಡಿಯಾಗಿ ನಿಲ್ಲಿಸುವುದು ಗ, ಒ ಇದ್ದಾಗ ಮಾತ್ರ ಚೆನ್ನ. ‘ಮೂವರು ಗೆಳೆಯರನ್ನು ಭೇಟಿಯಾದೆ’ ಎಂಬಲ್ಲಿ ಜಪಾನಿ ನಿ ಬೇಡುವುದರಿಂದ ಸನ್ನಿನ್ ನೊ ತೊಮೊದಚಿ ನಿ ಅತ್ತ ಎನ್ನಬೇಕು.

ಕೊನೆಯದಾಗಿ ಲಿಪಿಯ ಮಾತು. ನಾಲ್ಕನೇ ತಾರೀಖು ಯೊಕ್ಕ, ಎಂಟನೇ ತಾರೀಖು ಯೋಕ. ರೋಮನ್ ಲಿಪಿಯಲ್ಲಿ ದೀರ್ಘದ ಗೆರೆ ಬಿಟ್ಟು ಬರೆದರೆ ಎರಡಕ್ಕೂ ಒಂದು ‘ಕೆ’ಯಷ್ಟೇ ವ್ಯತ್ಯಾಸ, ಕಣ್ಣು ತಪ್ಪಿಸಿಕೊಳ್ಳುತ್ತದೆ. ಕನ್ನಡ ಲಿಪಿ ಒ ಮತ್ತು ಓ, ಎ ಮತ್ತು ಏ, ಒತ್ತಕ್ಷರ ಎಲ್ಲವನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. 1ರಿಂದ 10ನೇ ತಾರೀಖಿನ ತನಕ: ತ್ಸುಯಿತಚಿ, ಫುತ್ಸುಕ, ಮಿಕ್ಕ, ಯೊಕ್ಕ, ಇತ್ಸುಕ, ಮುಯ್ಕ, ನನೊಕ, ಯೋಕ, ಕೊಕೊನೊಕ, ತೋಕ. 14 ಜೂಯೊಕ್ಕ, 20 ಹತ್ಸುಕ, 24 ನಿಜೂಯೊಕ್ಕ. ಈ ಪಟ್ಟಿಯನ್ನು ಕನ್ನಡದಲ್ಲೇ ಅಚ್ಚುಮಾಡಿ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಲಿಪಿಗೆ ಸಿಗದೆ ಉಳಿಯುವುದು ಸ್ವರದ ಏರಿಳಿತ. ಇಪ್ಪಯ್ ಎಂಬುದನ್ನು ಮೊದಲಲ್ಲೇ ಎತ್ತಿ ಇಳಿಸಿದರೆ ‘ಒಂದು ಲೋಟ’, ತಗ್ಗಿನಲ್ಲಿ ಶುರುಮಾಡಿ ಏರಿಸಿ ಹಾಗೇ ಹಿಡಿದರೆ ‘ತುಂಬಾ’. ಅದನ್ನು ಕಿವಿಯಿಂದಲೇ ಕಲಿಸಬೇಕು.

ಇತಿ,
ಭಾಷಾ ಬೋಧಕರೊಬ್ಬರು